ನೀರು ಇಳಿದ ವರ್ಷ ಬೀಂಜು ಬರೆದದ್ದು

ನನ್ನ ಅತ್ತಿಗೆ ಬೀಂಜು ಪೆನ್ನು ಹಿಡಿದದ್ದು ತನ್ನ ತಾಯಿ ದಿನಕ್ಕೆ ಎಷ್ಟು ಗಂಜಿ ಕುಡಿಯುತ್ತಾಳೆ ಅಂತ ಬರೆದಿಡುವುದಕ್ಕೆ. ಆಸ್ಪತ್ರೆಯ ನರ್ಸಮ್ಮ ಹಾಗೆ ಹೇಳಿ ಕಳಿಸಿದ್ದಳು. ಅದಕ್ಕಿಂತ ದೊಡ್ಡ ಉದ್ದೇಶ ಅವಳಿಗೆ ಏನೂ ಇರಲಿಲ್ಲ. ಮುಂದೆ ಆದದ್ದೆಲ್ಲ ಆ ಗಂಜಿಯಿಂದ ಶುರುವಾಯಿತು ಅಂತ ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಬೀಂಜುವನ್ನು ನೋಡಿದರೆ ಬರೆಯುವ ಹೆಂಗಸು ಅಂತ ಯಾರಿಗೂ ಅನ್ನಿಸದು. ಅಗಲ ಭುಜ, ಒರಟು ಕೈ, ಆಚೆ ದೋಣಿಗೂ ಕೇಳಿಸುವ ಗಂಟಲು. ಕರೀಬಾ ಸರೋವರದ ನಮ್ಮ ದಡದಲ್ಲಿ, ದೋಣಿಗಳು ಬಂದು ನಿಲ್ಲುವ ಕಡೆ, ಬೆರಳುದ್ದದ ಮೀನನ್ನು ಬಲೆಯ ಮೇಲೆ ಹರಡಿ ಒಣಗಿಸಿ ಮಾರುವುದು ಅವಳ ಕೆಲಸ. ನನ್ನದೂ ಅದೇ. ಮೀನು ಹರಡುವ ನಮ್ಮಿಬ್ಬರ ಅಟ್ಟಣೆಗಳೂ ಅಕ್ಕಪಕ್ಕ. ಏಳನೇ ತರಗತಿವರೆಗೆ ಓದಿದ್ದಳು. ಆಮೇಲೆ ಮದುವೆ, ಮಕ್ಕಳು, ಮೀನು. ಅಕ್ಷರ ಮರೆತಿರಲಿಲ್ಲ, ಅಷ್ಟೇ.

ಅವಳದು ಮೇಕೆ ಕುಲ, ನನ್ನದು ಕತ್ತೆಕಿರುಬದ ಕುಲ. ನಮ್ಮ ಟೋಂಗಾ ಜನರಲ್ಲಿ ಈ ಎರಡು ಕುಲದವರು ಒಬ್ಬರನ್ನೊಬ್ಬರು ಬೇಕಾದಷ್ಟು ಬೈದುಕೊಳ್ಳಬಹುದು. ಸಿಟ್ಟಿಗೆದ್ದವರೇ ಸೋತವರು. ಹಾಗಾಗಿ ನಮ್ಮ ಬೆಳಗು ಶುರುವಾಗುವುದೇ ಹೀಗೆ.

"ಏನ್ ಅತ್ತಿಗೆ, ಇವತ್ತು ಮೀನು ಕಾಯ್ತಿದ್ದೀಯೋ ಮೇಯ್ತಿದ್ದೀಯೋ?"

"ಪಕ್ಕದಲ್ಲೇ ಕಿರುಬ ಕೂತಿರುವಾಗ ಕಾಯದೆ ಇನ್ನೇನ್ ಮಾಡ್ಲಿ ಚೀಲೊ? ನಿನ್ನ ಹಲ್ಲು ನೋಡಿ ಮೀನು ತಾವೇ ಒಣಗ್ತಿವೆ."

ಚೀಲೊ ಅಂದರೆ ನಾನು, ಅವಳ ನಾದಿನಿ. ನನ್ನಣ್ಣ ಅವಳನ್ನು ಮದುವೆಯಾದಾಗಿನಿಂದ ಈ ಬೈಗುಳ ಒಂದು ದಿನವೂ ತಪ್ಪಿಲ್ಲ.

ಅವಳ ತಾಯಿಯ ಹೆಸರು ಮಾಯಿಂಜ. ಮಳೆಗಾಲದಲ್ಲಿ ಹುಟ್ಟಿದವಳು ಅಂತ ಇಟ್ಟ ಹೆಸರು. ಹಳೇ ಕಾಲದ ರೂಢಿಯಂತೆ ಹುಡುಗಿಯಾಗಿದ್ದಾಗಲೇ ಮುಂದಿನ ಹಲ್ಲು ತೆಗೆಸಿಕೊಂಡವಳು. ಮಾತಾಡಿದರೆ ನಡುನಡುವೆ ಸಣ್ಣ ಸಿಳ್ಳೆ ಕೇಳಿಸುತ್ತಿತ್ತು. ಹುಣಸೆಮರದ ಕೆಳಗೆ ಕಾಲು ಚಾಚಿ ಕೂತು, ಸೋರೆಬುರುಡೆಯ ಹುಕ್ಕವನ್ನು ಗುಳುಗುಳು ಅನ್ನಿಸುತ್ತಾ, ಹೋಗಿ ಬರುವವರ ನಡಿಗೆಯನ್ನು ಆಡಿಕೊಳ್ಳುವುದು ಅವಳ ದಿನಚರಿ. ಅಂಥವಳು ಒಂದು ಬೇಸಿಗೆಯಲ್ಲಿ ಜ್ವರ ಬಂದು ಮಲಗಿ ಎದ್ದ ಮೇಲೆ ಬೇರೆಯೇ ಆದಳು. ತನ್ನ ಮನೆಯ ಬಾಗಿಲು ಯಾವ ಕಡೆ ಅಂತ ಗೊತ್ತಾಗದೆ ಗೋಡೆ ತಡವುವಳು. "ಇದು ಯಾರ ಮನೆ? ಚೆನ್ನಾಗಿದೆ, ಊಟ ಕೊಡ್ತಾರಾ?" ಅನ್ನುವಳು. ಮೊಮ್ಮಕ್ಕಳ ಹೆಸರು ಹೋಯಿತು. ಆಮೇಲೆ ಮಗ ಹಮೂಂಗನ ಹೆಸರೂ ಹೋಯಿತು. ಒಂದು ಬೆಳಿಗ್ಗೆ ಬೀಂಜು ಗಂಜಿ ತಂದಿಟ್ಟಾಗ ಅವಳ ಮುಖ ನೋಡಿ, "ಅವ್ವಾ" ಅಂದಳಂತೆ. "ಅವ್ವಾ, ಹೊಳೆ ಇಳಿದಿದೆಯಾ?"

ಬೀಂಜು ಅಟ್ಟಣೆಯ ಹತ್ತಿರ ಬಂದು ಇದನ್ನು ಹೇಳಿದಾಗ ನಾನು ಎಂದಿನಂತೆ ತಮಾಷೆ ಮಾಡಲು ಬಾಯಿ ತೆರೆದೆ. ಅವಳ ಕಣ್ಣು ನೋಡಿ ಕೈಲಿದ್ದ ಮೀನನ್ನು ಕೆಳಗಿಟ್ಟೆ.

"ನನ್ನನ್ನ ಚೋಲ್ವೆ ಅಂತ ಕರೀತಾಳೆ," ಅಂದಳು. "ಚೋಲ್ವೆ ನಮ್ಮಜ್ಜಿ, ಅಮ್ಮನ ಅಮ್ಮ. ನಾನು ಹುಟ್ಟೋ ಮೊದಲೇ ಹೋದವಳು. ನಾನು ಅವಳ ಮಗಳೇ ಹೊರತು ಅವಳ ತಾಯಿ ಅಲ್ಲ ಅಂತ ಹೇಳಿದ್ರೆ ಅಳ್ತಾಳೆ. ಏನ್ ಮಾಡ್ಲಿ ಹೇಳು?"

"ತಾಯಿ ಆಗಿಬಿಡು," ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು.

ಮರುದಿನದಿಂದ ಬೀಂಜು ಹಾಗೆಯೇ ಮಾಡಿದಳು. "ಅವ್ವಾ, ಹೊಳೆ ಇಳಿದಿದೆಯಾ?" ಅಂದರೆ "ಇಳೀತಿದೆ ಮಗಳೇ, ಗಂಜಿ ಕುಡಿ" ಅನ್ನುವಳು. ತಾಯಿ ಕುಡಿಯುವಳು. ಬೀಂಜು ಮಗನ ಶಾಲೆಯ ಹಳೇ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುವಳು: ಬೆಳಿಗ್ಗೆ ಅರ್ಧ ಬಟ್ಟಲು. ಮಧ್ಯಾಹ್ನ ಬೇಡ ಅಂದಳು. ಬೂಂಬ ಇನ್ನೂ ಬಂದಿಲ್ಲ, ಬಂದ ಮೇಲೆ ಕುಡೀತೀನಿ ಅಂದಳು. ಬೂಂಬ ಯಾರು?

ಕೊನೆಯ ಆ ಪ್ರಶ್ನೆಯನ್ನು ಅವಳು ತನಗೆ ತಾನೇ ಬರೆದುಕೊಂಡದ್ದು. ಸಂಜೆ ತಾಯಿಯನ್ನೇ ಕೇಳಿದಳು. ತಾಯಿ ನಕ್ಕುಬಿಟ್ಟಳು. "ಬೂಂಬ ಗೊತ್ತಿಲ್ವಾ ಅವ್ವಾ? ದಿನಾ ಅವಳ ಜೊತೆಯಲ್ಲೇ ಕೂತು ಸಜ್ಜೆ ಅರೀತೀಯ!" ಅಂತ ಶುರುಮಾಡಿ ಬೂಂಬಳ ಮನೆ, ಮನೆಯ ಹಿಂದಿನ ದೊಡ್ಡಹುಣಸೆ ಮರ, ಆ ಮರದ ಪೊಟರೆಯಲ್ಲಿ ಅವಿತಿಟ್ಟ ಜೇನು, ಜೇನು ಕದ್ದ ಮೈದುನ, ಎಲ್ಲ ಹೇಳಿದಳು. ನಿನ್ನೆ ಏನು ಉಂಡೆ ಅಂತ ಗೊತ್ತಿಲ್ಲದವಳು ನೀರಿನಡಿ ಹೋಗಿ ಅರವತ್ತೈದು ವರ್ಷವಾದ ಊರಿನಲ್ಲಿ ಒಂದೊಂದು ಬೇಲಿಯನ್ನೂ ಮುಟ್ಟಿ ಮುಟ್ಟಿ ತೋರಿಸಿದಳು. ನಾನೂ ಆ ಸಂಜೆ ಅಲ್ಲೇ ಇದ್ದೆ. ನಾನು ನೀರು ತರಲು ಎದ್ದಾಗ, "ಹುಷಾರು, ಅಲ್ಲಿ ಕುಂಬಳದ ಬಳ್ಳಿ ಇದೆ, ತುಳೀಬೇಡ!" ಅಂತ ಕೂಗಿದಳು. ನಾನು ಕಾಲೆತ್ತಿ ದಾಟಿಕೊಂಡೇ ಹೋದೆ. ಅಲ್ಲಿ ಬರೀ ಮಣ್ಣಿತ್ತು. ಹಾಗಾದರೂ ತುಳಿಯಲು ಧೈರ್ಯ ಬರಲಿಲ್ಲ.

ಅವತ್ತಿನಿಂದ ಹಾಳೆಗಳಲ್ಲಿ ಗಂಜಿಯ ಮಾತು ಕಡಿಮೆಯಾಯಿತು, ಊರಿನ ಮಾತು ಹೆಚ್ಚಾಯಿತು.

ನಮ್ಮ ವಯಸ್ಸಿನವರಿಗೆಲ್ಲ ಆ ಕಥೆ ಮೇಲುಮೇಲೆ ಗೊತ್ತು. ಜಾಂಬೆಜಿ ಹೊಳೆಗೆ ದೊಡ್ಡ ಕಟ್ಟೆ ಕಟ್ಟಿದರು, ಲಾರಿಗಳು ಬಂದವು, ಜನರನ್ನು ಮೇಲಕ್ಕೆ ಸಾಗಿಸಿದರು, ಹಿಂದೆ ನೀರು ಏರಿತು. ಇಷ್ಟೇ. ನಮ್ಮ ಹಿರಿಯರು ಇದಕ್ಕಿಂತ ಹೆಚ್ಚು ಹೇಳಿದವರಲ್ಲ. ಕೇಳಿದರೆ ಹುಕ್ಕ ಎಳೆದು ಆಚೆ ನೋಡುವರು. ಮಾಯಿಂಜ ಕೂಡ ನೆನಪು ಗಟ್ಟಿ ಇದ್ದಾಗ ಒಂದು ಮಾತೂ ಆಡಿರಲಿಲ್ಲ. ಈಗ ಅವಳಿಗೆ ಅದು ಹಳೇ ಸಂಗತಿ ಅಲ್ಲವೇ ಅಲ್ಲ. ಒಂದು ದಿನ ಬೀಂಜುವಿನ ಸೆರಗು ಹಿಡಿದುಕೊಂಡು, "ಅವ್ವಾ, ಲಾರಿಯವನು ಕಲ್ಲು ಬೇಡ ಅಂತಾನೆ. ಗುಂಡುಕಲ್ಲು ಇಲ್ಲೇ ಬಿಡು ಅಂತಾನೆ. ಕೊಡಬೇಡ!" ಅಂತ ನಡುಗಿದಳು. ಅರೆಯುವಾಗ ಎರಡೂ ಕೈಯಲ್ಲಿ ಹಿಡಿಯುವ ಕಲ್ಲು ಅದು. ತಾಯಿಯಿಂದ ಮಗಳಿಗೆ ಬರುವುದು.

"ಆಮೇಲೆ ನಾನೇನ್ ಮಾಡಿದೆ ಮಗಳೇ?" ಅಂತ ಬೀಂಜು ಮೆಲ್ಲಗೆ ಕೇಳಿದಳು.

"ವಾಪಸ್ ಅರೆಯೋ ಬಂಡೆಗೆ ಹೋಗಿ ನಿನ್ನ ಗುಳಿಯಲ್ಲೇ ಇಟ್ಟು ಬಂದೆಯಲ್ಲ. ಕವುಚಿ ಇಟ್ಟೆ. ಬೇರೆ ಯಾರೂ ಮುಟ್ಟದ ಹಾಗೆ."

ಬೀಂಜು ಅದನ್ನೂ ಬರೆದಳು. ತನ್ನಜ್ಜಿ ಏನು ಮಾಡಿದಳು ಅಂತ ಅಜ್ಜಿಯ ಜಾಗದಲ್ಲಿ ಕೂತೇ ಕೇಳಿಸಿಕೊಳ್ಳುವುದು ಎಲ್ಲರಿಗೂ ಸಿಗುವ ಭಾಗ್ಯವೇ?

ಬೀಂಜುವಿನ ಅಣ್ಣ ಹಮೂಂಗನಿಗೆ ಇದು ಸರಿಬರಲಿಲ್ಲ. ಆ ಮನೆತನದ ಹಿರಿಯ ಅವನು. ಹಬ್ಬಕ್ಕೆ, ಕಾಯಿಲೆಗೆ ಬಾಗಿಲ ಬಳಿ ಜೋಳದ ಬಿಯರ್ ಸುರಿದು ತೀರಿಹೋದ ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಅವನ ಪಾಲಿನ ಕೆಲಸ. ಒಂದು ಮಧ್ಯಾಹ್ನ ಬಂದವನೇ ನಿಂತಲ್ಲೇ ಶುರು ಮಾಡಿದ.

"ಏನಿದು ನೀನು ಮಾಡ್ತಿರೋದು? ಹೋದವರ ಹೆಸರು ಬಾಯಲ್ಲಿರಬೇಕು. ಕಾಗದಕ್ಕೆ ಹಾಕಿದ್ರೆ ಯಾರು ಬೇಕಾದ್ರೂ ಓದ್ತಾರೆ. ಆಗದವನು ಒಬ್ಬ ಓದಿ ಅವರನ್ನ ಕರೆದ್ರೆ?"

"ಕರೆದ್ರೆ ನಮ್ಮಜ್ಜಿ ಬೈದು ಕಳಿಸ್ತಾಳೆ ಬಿಡಣ್ಣ."

"ಹುಡುಗಾಟ ಅಲ್ಲ ಇದು."

"ಹುಡುಗಾಟ ಅಲ್ಲ ಅಂತಾನೇ ಬರೀತಿದ್ದೀನಿ. ನಿನ್ನ ಬಾಯಲ್ಲಿ ಯಾರ್ಯಾರು ಇದ್ದಾರೆ, ಹೇಳು ನೋಡೋಣ."

ಅವನು ಬೆರಳು ಮಡಚುತ್ತಾ ಹೋದ. ಚೋಲ್ವೆ. ಚೋಲ್ವೆಯ ತಾಯಿ. ಚೋಲ್ವೆಯ ಅಣ್ಣ. ಅಲ್ಲಿಗೆ ಬೆರಳು ನಿಂತಿತು. ಅವನ ಮುಖ ನೋಡಿ ನನಗೇ ಪಾಪ ಅನ್ನಿಸಿತು. ಅವನ ತಪ್ಪೇನಿದೆ? ಹೇಳಿಕೊಡಬೇಕಾದ ಸೋದರಮಾವ ಮೇಲಿನೂರಿಗೆ ಬಂದ ಮೊದಲ ವರ್ಷವೇ ತೀರಿಕೊಂಡಿದ್ದ.

ಬೀಂಜು ಗೆದ್ದೆ ಅಂತ ಹಿಗ್ಗಲಿಲ್ಲ. "ನಾನು ಅವರನ್ನ ಕರೆಯಲ್ಲ ಅಣ್ಣ. ಕರೆಯೋದು ನಿನ್ನ ಕೆಲಸ, ಅದಕ್ಕೆ ಕೈ ಹಾಕಲ್ಲ. ಅಮ್ಮ ಹೇಳೋದನ್ನ ಬಿದ್ದುಹೋಗದ ಹಾಗೆ ಹಿಡ್ಕೋತಿದ್ದೀನಿ, ಅಷ್ಟೇ," ಅಂದಳು.

ಅವನು ಹೊರಟ. ಆದರೆ ಮರುವಾರದಿಂದ ಸಂಜೆ ಹೊತ್ತು ಬಂದು ತಾಯಿಯ ಪಕ್ಕ ಕೂರತೊಡಗಿದ.

ಆ ವರ್ಷ ಮಳೆ ಕೈಕೊಟ್ಟು ಸರೋವರ ಹಿಂದೆ ಸರಿದಿತ್ತು. ದೋಣಿಗಳು ನಿಲ್ಲುವ ಜಾಗ ದಿನದಿನಕ್ಕೂ ದೂರ ಹೋಗುತ್ತಿತ್ತು. ನಾವು ಹುಟ್ಟಿದಾಗಿನಿಂದ ನೀರಷ್ಟೇ ಇದ್ದ ಕಡೆ ಬೂದು ಬಣ್ಣದ ನೆಲ, ಕಪ್ಪು ಮರದ ಬೊಡ್ಡೆಗಳು ಎದ್ದು ನಿಂತವು. ಯಾರಿಗೂ ಅದು ಖುಷಿಯ ನೋಟವಲ್ಲ. ಮಾಯಿಂಜ ಮಾತ್ರ ದಿನಾ ಹಟ ಹಿಡಿಯುತ್ತಿದ್ದಳು. "ಬಿಸಿಲೇರೋ ಮೊದಲು ಬಂಡೆಗೆ ಹೋಗಬೇಕು. ಎಲ್ಲರೂ ಹೋಗಿ ಕೂತಿರ್ತಾರೆ."

"ಯಾವ ಬಂಡೆ ಅಮ್ಮ? ಊರು ಅಷ್ಟು ಆಳದಲ್ಲಿದೆ," ಅಂದ ಹಮೂಂಗ.

ತಾಯಿ ಅವನನ್ನು ಗೊತ್ತಿಲ್ಲದವನಂತೆ ನೋಡಿದಳು. "ಊರಲ್ಲಿ ಯಾರು ಅರೀತಾರೆ? ಮೇಲಿನ ಹೊಲದ ಬಂಡೆ. ಹೊಳೆ ಉಕ್ಕಿದಾಗ ನಾವೆಲ್ಲ ಮೇಲೇ ಅಲ್ವಾ ಇರೋದು? ಯಾವೂರಿನವನಯ್ಯಾ ನೀನು?"

ಅಣ್ಣತಂಗಿ ಮುಖ ಮುಖ ನೋಡಿಕೊಂಡರು. ಊರು ಹೊಳೆಯ ಅಂಚಿಗಿತ್ತು, ಅದನ್ನು ಯಾವ ಬರಗಾಲವೂ ತೋರಿಸದು. ಆದರೆ ಮಳೆಗಾಲದ ಹೊಲಗಳು ದಿಬ್ಬದ ಮೇಲಿದ್ದವು. ಅದು ಅವರಿಗೆ ಹೊಳೆದೇ ಇರಲಿಲ್ಲ.

ಹಮೂಂಗ ಎತ್ತಿನಗಾಡಿ ಕಟ್ಟಿದ. ಹುಲ್ಲು ಹಾಸಿ, ಕಂಬಳಿ ಮಡಚಿ, ತಾಯಿಯನ್ನು ಎತ್ತಿ ಕೂರಿಸಿದರು. ನನ್ನನ್ನೂ ಕರೆದರು. "ಕಿರುಬ ಜೊತೆಗಿದ್ರೆ ದಾರೀಲಿ ಬೇರೆ ಪ್ರಾಣಿ ಹತ್ರ ಬರಲ್ಲ," ಅಂದಳು ಬೀಂಜು. ಬೆಳಗಿನ ತಂಪಿನಲ್ಲೇ ಹೊರಟೆವು. ದಡದಲ್ಲಿ ಗಾಡಿ ನಿಂತಾಗ ಹಮೂಂಗ ಕೇಳಿದ, "ಈಗ ಎತ್ತ ಕಡೆ ಅಮ್ಮ?"

ಮಾಯಿಂಜ ನೀರನ್ನು ನೋಡಲೇ ಇಲ್ಲ. ಬೆನ್ನ ಹಿಂದಿನ ಗುಡ್ಡಗಳತ್ತ ತಿರುಗಿದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಎರಡು ಗುಡ್ಡಗಳ ನಡುವಿನ ಸಂದನ್ನು ನೋಡಿದಳು. "ಇನ್ನೂ ಮುಂದೆ. ಸಣ್ಣ ಗುಡ್ಡ ದೊಡ್ಡ ಗುಡ್ಡದ ಹಿಂದೆ ಅಡಗಬೇಕು," ಅಂದಳು. ಗಾಡಿ ಮುಂದೆ ಹೋಯಿತು. ಅವಳು ಗುಡ್ಡದ ಮೇಲೆ ನೆಟ್ಟ ಕಣ್ಣು ತೆಗೆಯಲಿಲ್ಲ. ಸಣ್ಣ ಗುಡ್ಡ ಜಾರುತ್ತಾ ಜಾರುತ್ತಾ ಮರೆಯಾಯಿತು. "ಇಲ್ಲೇ. ಇಳಿಸಿ."

ಗುಡ್ಡಗಳನ್ನು ನೀರು ಮುಟ್ಟಿರಲಿಲ್ಲ. ಊರು ಹೋಗಿತ್ತು, ಹೊಲ ಹೋಗಿತ್ತು, ದಾರಿ ಹೋಗಿತ್ತು. ಗುಡ್ಡ ಮಾತ್ರ ಅವಳು ಬಿಟ್ಟ ಕಡೆಯೇ ನಿಂತಿತ್ತು. ನಮಗೆ ಯಾರಿಗೂ ಅದು ತಲೆಗೆ ಬಂದಿರಲಿಲ್ಲ.

ತನ್ನ ಮನೆಯ ಬಾಗಿಲು ಕಾಣದವಳು ಬಿರುಕು ಬಿಟ್ಟ ಆ ನೆಲದ ಮೇಲೆ, ಬೀಂಜುವಿನ ತೋಳು ಹಿಡಿದು, ನೇರವಾಗಿ ನಡೆದಳು. ಬೊಡ್ಡೆಗಳ ನಡುವೆ ಒಣಗಿದ ಕೆಸರು ಹೊದ್ದ ಒಂದು ಚಪ್ಪಟೆ ಬಂಡೆ. ನಾವಾಗಿದ್ದರೆ ತುಳಿದುಕೊಂಡು ಹೋಗುತ್ತಿದ್ದೆವು. ಅವಳು ಅದರ ಅಂಚಿನಲ್ಲಿ ನಿಂತು ಕೆರ ಬಿಚ್ಚಿದಳು.

ಬೀಂಜು ಮೊಣಕಾಲೂರಿ ಕೈಯಿಂದಲೇ ಕೆಸರು ಕೆರೆದಳು. ನಾನೂ ಕೂತೆ. ಹಮೂಂಗ ಗಾಡಿಯಿಂದ ಗುದ್ದಲಿ ತಂದವನು, ಬಂಡೆಗೆ ತಾಗೀತು ಅಂತ ಹೆದರಿ ಅದನ್ನು ಬಿಟ್ಟು ಕೈಯನ್ನೇ ಹಚ್ಚಿದ. ಹೆಂಟೆ ಎದ್ದು ಬಂತು. ಅದರ ಕೆಳಗೆ ಒಂದು ಉದ್ದನೆಯ ಗುಳಿ, ಮಗುವನ್ನು ಮಲಗಿಸಬಹುದಾದಷ್ಟು ದೊಡ್ಡದು. ಒಳಗೆ ಕನ್ನಡಿಯಂತೆ ನುಣುಪು. ಅದರ ಪಕ್ಕ ಇನ್ನೊಂದು. ಅದರಾಚೆ ಮತ್ತೊಂದು. ಒಂದು ಸಾಲು. ಎಷ್ಟು ತಲೆಮಾರಿನ ಕೈಗಳು ಹಿಂದೆ ಮುಂದೆ, ಹಿಂದೆ ಮುಂದೆ ಆಡಿ ಆ ಕಲ್ಲನ್ನು ಹಾಗೆ ಮಾಡಿದ್ದವೋ! ನನ್ನ ಅಂಗೈ ಅದರ ಮೇಲಿಟ್ಟೆ. ಬಿಸಿಲಿಗೆ ಬೆಚ್ಚಗಿತ್ತು. ಯಾರೋ ಈಗ ತಾನೇ ಎದ್ದು ಹೋದ ಹಾಗಿತ್ತು.

ಮಾಯಿಂಜ ಗುಡ್ಡದ ಕಡೆಯಿಂದ ಶುರು ಮಾಡಿದಳು. "ಇದು ಬೂಂಬಳದು. ಇದು ಟ್ವಾಂಬೊದು. ನಡುವಿನದು ನಿಂದು ಅವ್ವಾ. ಹೊಳೆ ಕಡೇದು ನಮ್ಮಕ್ಕ ಮಿಯೋಬಳದು. ಅವಳು ಈಗ ಆಚೆ ದಡದಲ್ಲಿ ಅರೀತಾಳೆ, ಮದುವೆ ಆಯ್ತಲ್ಲ."

ನಡುವಿನ ಗುಳಿಯ ಕೆಸರನ್ನು ಬೀಂಜು ಇನ್ನೂ ತೆಗೆಯುತ್ತಿದ್ದಳು. ಅವಳ ಬೆರಳು ಏನನ್ನೋ ತಾಗಿ ನಿಂತಿತು. ಬಗ್ಗಿ, ಎರಡೂ ಕೈ ಹಾಕಿ ಬಿಡಿಸಿದಳು. ಒಂದು ಗುಂಡುಕಲ್ಲು, ಕವುಚಿ ಇಟ್ಟಿದ್ದು.

ಹಮೂಂಗ ತಲೆಯ ಮೇಲಿನ ಟೋಪಿ ತೆಗೆದ. ಬೀಂಜು ಆ ಕಲ್ಲನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಲಾರಿ, ಚಾಲಕ, ಕಲ್ಲು ಬೇಡ ಅಂದದ್ದು, ವಾಪಸ್ ಬಂದು ಇಟ್ಟದ್ದು, ಇವೆಲ್ಲ ಅಲ್ಲಿಯವರೆಗೆ ಮರೆವಿನ ಮುದುಕಿ ಆಡಿದ ಮಾತುಗಳಾಗಿದ್ದವು. ಈಗ ಕೈಯಲ್ಲಿ ಭಾರವಾಗಿ ಕೂತಿದ್ದವು.

"ಅಳ್ತೀಯ ಯಾಕೆ ಅವ್ವಾ? ಕೊಡಿಲ್ಲಿ," ಅಂತ ತಾಯಿ ಕಲ್ಲು ತೆಗೆದುಕೊಂಡು ಗುಳಿಯ ಮುಂದೆ ಮೊಣಕಾಲೂರಿದಳು. ಆ ಮೊಣಕಾಲು ಮಡಚಿದ್ದನ್ನು ನಾವು ನೋಡಿ ವರ್ಷಗಳಾಗಿದ್ದವು. ಕಲ್ಲನ್ನು ಒತ್ತಿ ಮುಂದಕ್ಕೆ ತಳ್ಳಿದಳು, ಹಿಂದಕ್ಕೆಳೆದಳು. ಉಳಿದಿದ್ದ ಒಣಕೆಸರು ಪುಡಿಯಾಗಿ ಹಿಟ್ಟಿನಂತೆ ಅಂಚಿಗೆ ಬಂತು. ಗರ್ ಗರ್ ಅನ್ನುವ ಸದ್ದು ನೀರಿನ ಮೇಲೆ ಹೋಯಿತು. ಆ ಸಾಲಿನಲ್ಲಿ ಉಳಿದ ಹೆಂಗಸರೂ ಕೂತಿದ್ದಾರೆ, ನಾವೇ ಕರೆಯದೆ ಬಂದ ನೆಂಟರು ಅನ್ನಿಸಿತು.

ಸಾಲಿನ ತುದಿಯಲ್ಲಿ ಇನ್ನೊಂದು ಗುಳಿ ಇತ್ತು. ತೀರಾ ತೆಳುವಾದದ್ದು, ತಟ್ಟೆಯಷ್ಟೂ ಆಳವಿಲ್ಲ. "ಇದು ಯಾರದು?" ಅಂತ ಬೀಂಜು ಕೇಳಿದಳು. ತಾಯಿ ಅದನ್ನು ನೋಡಿ ಸುಮ್ಮನೆ ನಕ್ಕಳು. ಹೆಸರು ಹೇಳಲಿಲ್ಲ. ಬೀಂಜು ಸಾಲನ್ನು ಇದ್ದ ಹಾಗೇ ಹಾಳೆಯ ಮೇಲೆ ಬರೆದು ಕೊನೆಯದರ ಮುಂದೆ ಜಾಗ ಬಿಟ್ಟಳು.

ಹೊರಡುವಾಗ ಹಮೂಂಗ ಕಲ್ಲನ್ನು ಗಾಡಿಗೆ ಇಡಲು ಹೋದ. "ಮನೆಗ್ಯಾಕಯ್ಯಾ? ಇಲ್ಲೇ ಇರ್ಲಿ, ನಾಳೆ ಬರ್ತೀವಲ್ಲ," ಅಂತ ತಾಯಿ ಗದರಿದಳು. ಅವನು ಅದನ್ನು ನಡುವಿನ ಗುಳಿಯಲ್ಲಿ ಕವುಚಿ ಇಟ್ಟು ಬಂದ.

ದಾರಿಯುದ್ದಕ್ಕೂ ಬೀಂಜುವಿನ ತಲೆಯಲ್ಲಿ ಒಂದೇ ಹೆಸರು. ಮಿಯೋಬ. ದೊಡ್ಡಮ್ಮ ಒಬ್ಬಳಿದ್ದಳು ಅಂತ ಅವರಿಗೆ ಗೊತ್ತಿತ್ತು, ಅಷ್ಟೇ. ಈ ಸರೋವರ ಇನ್ನೂ ನದಿಯಾಗಿದ್ದಾಗ ಆಚೆ ದಡ ಕೂಗಿದರೆ ಕೇಳುವಷ್ಟು ಹತ್ತಿರ. ಹೆಣ್ಣು ಕೊಟ್ಟು ತರುವುದು, ಬಿಯರ್‌ಗೆ ಕರೆಯುವುದು, ಎಲ್ಲ ತೆಪ್ಪದಲ್ಲಿ. ನೀರು ಏರಿದ ಮೇಲೆ ಆಚೆಯದು ಕಣ್ಣಿಗೆ ಕಾಣದಷ್ಟು ದೂರವಾಯಿತು. ಆಮೇಲೆ ಈ ಕಡೆ ಜಾಂಬಿಯ, ಆ ಕಡೆ ಜಿಂಬಾಬ್ವೆ ಅಂತ ಎರಡು ದೇಶವಾಯಿತು. ಮಿಯೋಬಳನ್ನು ಎಲ್ಲಿಗೆ ಸಾಗಿಸಿದರು, ಬದುಕಿದಳೋ ಇಲ್ಲವೋ, ಕೇಳುವವರೂ ಇರಲಿಲ್ಲ.

ನಮ್ಮ ಭಾಷೆಯ ಒಂದು ಸಣ್ಣ ರೇಡಿಯೋ ಇದೆ, ಮಧ್ಯಾಹ್ನ ಜನರ ಸುದ್ದಿ ಓದುತ್ತಾರೆ. ಕಳೆದ ದನ, ಸಾವು, ಮದುವೆ. ಗಾಳಿಗೆ ಗಡಿ ಇಲ್ಲವಲ್ಲ, ಆಚೆ ದಡದವರೂ ಕೇಳುತ್ತಾರೆ. ಬೀಂಜು ಅಣ್ಣನನ್ನು ಕೇಳಿಯೇ ಫೋನಿನಲ್ಲಿ ಸಂದೇಶ ಕಳಿಸಿದಳು. ಅವನು ಅದನ್ನು ಇನ್ನೊಮ್ಮೆ ಓದಿಸಿ ಕೇಳಿಸಿಕೊಂಡು, "ಹೋದವರನ್ನ ಕರೀತಿಲ್ಲ. ಇರೋರನ್ನ ಕರೀತಿದ್ದೀವಿ. ಕಳಿಸು," ಅಂದ. ಓದುವವನು ಓದಿದ: ಮೇಲಿನ ಹೊಲದ ಬಂಡೆಯ ಮೇಲೆ ಗುಡ್ಡದ ಕಡೆಯಿಂದ ಬೂಂಬ, ಟ್ವಾಂಬೊ, ಚೋಲ್ವೆ, ಮಿಯೋಬ. ಮಿಯೋಬಳ ಕಡೆಯವರು ಯಾರಾದರೂ ಇದ್ದರೆ ತಿಳಿಸಿ.

ಕೆಲವು ವಾರ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ನಾವು ಮೀನು ಮಗುಚುತ್ತಿದ್ದಾಗ ಬೀಂಜುವಿನ ಫೋನು ಬಡಿದುಕೊಂಡಿತು. ಹೊರದೇಶದ ನಂಬರು. ಅವಳ ಕೈಗೆಲ್ಲ ಮೀನಿನ ಹುರುಪೆ ಮೆತ್ತಿತ್ತು, ನಾನೇ ಒತ್ತಿ ಅವಳ ಕಿವಿಯ ಹತ್ತಿರ ಹಿಡಿದೆ.

"ಆ ಹೆಸರುಗಳನ್ನ ರೇಡಿಯೋದಲ್ಲಿ ಓದಿಸಿದ್ದು ನೀವೇನಾ?" ಹೆಂಗಸಿನ ದನಿ, ಅವಸರದ್ದು. "ನಾನು ಮುಲೋಂಗೊ. ಮಿಯೋಬ ನನ್ನ ತಾಯಿ. ಅವಳು ಹೋಗಿ ಬಹಳ ವರ್ಷ ಆಯ್ತು. ಆದ್ರೆ ನೀವು ಆ ಸಾಲನ್ನ ಎಲ್ಲಿಂದ ತಂದ್ರಿ? ಅದು ನಮ್ಮ ಹಾಡು!"

"ಯಾವ ಹಾಡು?"

"ನಮ್ಮಮ್ಮ ಅರೆಯುವಾಗ ಹೇಳ್ತಿದ್ದ ಹಾಡು. ನಮಗೂ ಕಲಿಸಿದ್ದಾಳೆ. ಆ ಹೆಸರುಗಳು ಯಾರದು ಅಂತ ನಮಗೆ ಗೊತ್ತೇ ಇಲ್ಲ. ಹಾಡಿಗೆ ಕಟ್ಟಿದ ಹೆಸರು ಅಂದ್ಕೊಂಡಿದ್ವಿ. ರೇಡಿಯೋದವನು ಅದೇ ಸಾಲಲ್ಲಿ ಓದ್ತಿದ್ದ ಹಾಗೆ ನನ್ನ ಕೈಲಿದ್ದ ಚೊಂಬು ಬಿದ್ದುಹೋಯ್ತು."

ಬೀಂಜು ಮೀನು ಬಿಟ್ಟು ಓಡಿದಳು. ನಾನೂ ಹಿಂದೆ ಓಡಿದೆ. ಹುಣಸೆಮರದ ಕೆಳಗೆ ತಾಯಿಯ ಮಡಿಲಲ್ಲಿ ಫೋನಿಟ್ಟು ದನಿ ಜೋರು ಮಾಡಿದೆವು. ಹಮೂಂಗನೂ ಬಂದು ನಿಂತ. ಸರೋವರದಾಚೆಯಿಂದ ಮುಲೋಂಗೊ ಹಾಡಿದಳು.

ಗುಡ್ಡದ ಕಡೆಗೆ ಬೂಂಬ, ಬೂಂಬಳ ಕಲ್ಲು ಗೊರಗೊರ
ಅವಳ ಪಕ್ಕ ಟ್ವಾಂಬೊ, ಮಾತು ನಿಂತರೆ ಕೈ ನಿಂತೀತು
ನಡುವೆ ಕೂತಳು ಚೋಲ್ವೆ, ಹಿಟ್ಟು ನೋಡೇ ಹೊಗೆಯಂಗೆ
ಹೊಳೆಯ ಕಡೆಗೆ ನಾನಿದ್ದೆ, ಎದ್ದು ಹೊಳೆಯ ದಾಟಿದೆ
ತುದಿಯ ಗುಳಿಯು ಎಳೆಗುಳಿ, ಮಾಯಿಂಜ ಬೆಳೀಲಿ ಅಂತದೆ

ಬೀಂಜು ಬಾಯಿಗೆ ಕೈ ಅಡ್ಡ ಹಿಡಿದಳು. ಆ ತಟ್ಟೆಯಷ್ಟೂ ಆಳವಿಲ್ಲದ ಗುಳಿ! ಅರೆಯಲು ಕಲಿಯುತ್ತಿದ್ದ ಹುಡುಗಿಯನ್ನು ಅಲ್ಲಿಂದ ಎಬ್ಬಿಸಿದಾಗ ಅಷ್ಟಕ್ಕೇ ನಿಂತದ್ದು. ಇಲ್ಲಿ ಈ ಮುದುಕಿ ಕೂತಿದ್ದಾಳೆ. ಅಲ್ಲಿ, ಇವಳನ್ನು ಕಂಡೇ ಇಲ್ಲದ ಹೆಂಗಸರು ಇಷ್ಟು ವರ್ಷ ಸಜ್ಜೆ ಅರೆಯುತ್ತಾ ಇವಳು ದೊಡ್ಡವಳಾಗಲಿ ಅಂತ ಹಾಡುತ್ತಲೇ ಇದ್ದಾರೆ. ಹಮೂಂಗ ಮರಕ್ಕೆ ಒರಗಿಕೊಂಡ.

ಮಾಯಿಂಜ ಫೋನನ್ನು ಎತ್ತಿ ಸುತ್ತಮುತ್ತ ತಿರುಗಿಸಿ ನೋಡಿದಳು. "ಮಿಯೋಬ! ದನಿ ಯಾಕೆ ಹಂಗಾಗಿದೆ? ನೀರು ಕುಡಿದ್ಯಾ?" ಅಂದಳು. ಆಮೇಲೆ ಅಂಗೈಯಿಂದ ತೊಡೆ ತಟ್ಟುತ್ತಾ, ಹಲ್ಲಿನ ಸಂದಿನ ಸಿಳ್ಳೆಯ ಜೊತೆಗೇ, ಅದೇ ರಾಗ ಎತ್ತಿಕೊಂಡಳು. ಎರಡು ದೇಶದ ಎರಡು ಹೆಂಗಸರು ಒಂದೇ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ಹಾಡಿದರು. ಒಂದು ಮಾತೂ ಹೆಚ್ಚುಕಡಿಮೆ ಆಗಲಿಲ್ಲ.

ಮುಲೋಂಗೊ ತಡಮಾಡಲಿಲ್ಲ. ಕಟ್ಟೆಯ ಮೇಲಿನ ಗಡಿ ದಾಟಿ, ಬಸ್ಸು ಬದಲಿಸಿ, ಬಳಲಿದ ಮುಖದಲ್ಲಿ ಬಂದಿಳಿದಳು. ನಮಗಿಂತ ಹಿರಿಯಳು, ಎತ್ತರದ ಹೆಂಗಸು. ಬೀಂಜು ಓಡಿಹೋಗಿ "ಅಕ್ಕಾ" ಅಂತ ತಬ್ಬಿಕೊಂಡಳು. ಮುಲೋಂಗೊ ಅಂಗಳಕ್ಕೆ ಬಂದು ಚಿಕ್ಕಮ್ಮನ ಮುಂದೆ ಮೊಣಕಾಲೂರಿ ನಮ್ಮ ಪದ್ಧತಿಯಂತೆ ಮೆಲ್ಲಗೆ ಕೈ ತಟ್ಟಿ ನಮಸ್ಕರಿಸಿದಳು.

ಮಾಯಿಂಜ ಅವಳ ಗಲ್ಲ ಹಿಡಿದೆತ್ತಿ ನೋಡಿದಳು. "ಇಷ್ಟು ಹೊತ್ತಾ ಮಿಯೋಬ?" ಅಂತ ಮುನಿಸಿಕೊಂಡಳು. "ಬೆಳಿಗ್ಗೆಯಿಂದ ಕಾಯ್ತಿದ್ದೀನಿ. ಎಲ್ಲ ಅರೆದಾಯ್ತು."

ಮುಲೋಂಗೊಗೆ ನಾವು ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಆದರೂ ಅವಳು ಮುದುಕಿಯ ಎರಡೂ ಕೈ ಹಿಡಿದುಕೊಂಡಳು.

"ಹೊಳೆ ಬಹಳ ದೊಡ್ಡದಾಗಿತ್ತು ಕಣೇ," ಅಂದಳು. "ಅದಕ್ಕೇ ತಡ ಆಯ್ತು."

"ಹೌದಾ? ಹಾಗಾದ್ರೆ ಸರಿ. ಮುದ್ದೆ ಇದೆ, ಉಣ್ಣು ಬಾ," ಅಂದಳು ಮಾಯಿಂಜ.

ಮುಲೋಂಗೊ ಒಂದು ತಿಂಗಳಿದ್ದು ಹೋದಳು. ಆ ತಿಂಗಳು ಬೀಂಜು ಬರೆದ ಹಾಗೆ ಹಿಂದೆಂದೂ ಬರೆದಿರಲಿಲ್ಲ. ಮುಲೋಂಗೊ ಹೇಳುವಳು, ಮಾಯಿಂಜ ತಿದ್ದುವಳು, ಇಬ್ಬರೂ ಜಗಳವಾಡುವರು, ಬೀಂಜು ಇಬ್ಬರ ಮಾತನ್ನೂ ಬರೆಯುವಳು. ಅವಳ ಮೀನನ್ನೂ ನಾನೇ ಮಗುಚಿದೆ. "ಕಿರುಬಕ್ಕೆ ಒಳ್ಳೇ ಹಬ್ಬ," ಅಂತ ಅದಕ್ಕೂ ಬೈಸಿಕೊಂಡೆ.

ಮುಂದಿನ ಮಳೆಗಾಲ ಚೆನ್ನಾಗಿ ಹಿಡಿಯಿತು. ಬಂಡೆಯ ಮೇಲೆ ಮತ್ತೆ ನೀರು ಬಂತು. ಮಾಯಿಂಜ ಒಂದು ಮಧ್ಯಾಹ್ನ ಬೀಂಜುವಿನ ತೊಡೆಯ ಮೇಲೆ ತಲೆಯಿಟ್ಟು, ಮಳೆಯ ಸದ್ದು ಕೇಳುತ್ತಾ, ಹಾಗೇ ಹೋದಳು. ಅಂತ್ಯಕ್ರಿಯೆಗೆ ಮುಲೋಂಗೊ ತನ್ನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದಳು. ಕೊಂಬೂದುವವರ ಜೊತೆ ಎರಡು ದಡದವರೂ ಸೇರಿ ಕುಣಿದರು. ಕಿರುಬದ ಕುಲದವರಾದ ನಾವು ಪದ್ಧತಿಯಂತೆ ಹೆಣದ ಮುಂದೆಯೇ ಮೇಕೆ ಕುಲದವರನ್ನು ಅಣಕಿಸಿದೆವು. ಬೀಂಜು ಅಳುತ್ತಲೇ ನಕ್ಕಳು.

ಬಾಗಿಲ ಬಳಿ ಬಿಯರ್ ಸುರಿಯುವ ಹೊತ್ತು ಬಂದಾಗ ಹಮೂಂಗ ಎದ್ದು ನಿಂತ. ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ಹೆಸರು ಹೇಳುತ್ತಾ ಹೋದ. ಹಿಂದೆ ಬೆರಳು ನಿಂತಿದ್ದ ಕಡೆ ಈ ಸಲ ನಿಲ್ಲಲಿಲ್ಲ. ದಾಟಿ ಹೋಯಿತು, ಇನ್ನೂ ಹೋಯಿತು. ನಾನು ಕೇಳಿಯೇ ಇಲ್ಲದ ಹೆಸರುಗಳು, ಹೊಳೆಯ ಅಂಚಿನ ಮನೆಗಳ ಹೆಸರುಗಳು, ಬಂಡೆಯ ಮೇಲಿನ ಹೆಂಗಸರ ಹೆಸರುಗಳು, ಕೊನೆಗೆ ಮಾಯಿಂಜ. ಆ ಬಾಗಿಲ ಮುಂದೆ ಅಷ್ಟು ಜನ ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ ಅಂದರೆ ನೀವು ನಂಬಬೇಕಾಗಿಲ್ಲ. ನನಗೆ ಹಾಗೇ ಕಂಡಿತು.

ಎಲ್ಲ ಮುಗಿದ ಮೇಲೆ ಅವನು ತಂಗಿಯ ಹತ್ತಿರ ಬಂದು ಕೂತ.

"ನನಗೂ ಒಂದು ಬರೆದುಕೊಡು. ಸಂಜೆ ಕೂತು ನೋಡ್ಕೊಳ್ಳೋಕೆ. ಅಕ್ಷರ ಸ್ವಲ್ಪ ದೊಡ್ಡದಾಗಿರ್ಲಿ, ನನ್ನ ಕಣ್ಣು ಮೊದಲಿನ ಹಾಗಿಲ್ಲ."

"ಎಷ್ಟು ದೊಡ್ಡದು ಅಣ್ಣ?"

"ಮೀನಿನಷ್ಟು," ಅಂದ. ಬೀಂಜು ಬರೆದುಕೊಟ್ಟಳು. ಮುಲೋಂಗೊಗೂ ಒಂದು ಕಳಿಸಿದಳು.

ಈಗ ನಮ್ಮ ಅಟ್ಟಣೆಗಳ ಹತ್ತಿರ ಮೀನಿಗಷ್ಟೇ ಅಲ್ಲ, ಬೇರೆ ಕೆಲಸಕ್ಕೂ ಜನ ಬರುತ್ತಾರೆ. ತಮ್ಮ ಅಜ್ಜಿಗೆ ಇತ್ತೀಚೆಗೆ ಮರೆವು, ಒಮ್ಮೆ ಬಂದು ಕೂತುಕೊಳ್ಳುತ್ತೀಯಾ ಅಂತ ಕೇಳುತ್ತಾರೆ. ಬೀಂಜು ಹೋಗುತ್ತಾಳೆ. ಮೊನ್ನೆ ನನ್ನತ್ತ ತಿರುಗಿ, ಬೈಯುವ ದನಿಯಲ್ಲಲ್ಲ, ಬೇರೆಯೇ ದನಿಯಲ್ಲಿ ಕೇಳಿದಳು.

"ಚೀಲೊ, ನಿಮ್ಮಜ್ಜಿ ಯಾವ ಬಂಡೆ ಮೇಲೆ ಅರೀತಿದ್ಲು?"

ನನಗೆ ಗೊತ್ತಿರಲಿಲ್ಲ. ನನ್ನ ಚಿಕ್ಕಮ್ಮ ಒಬ್ಬಳು ಘಟ್ಟದ ಮೇಲಿನ ಊರಿನಲ್ಲಿದ್ದಾಳೆ, ಇನ್ನೂ ಗಟ್ಟಿಮುಟ್ಟು, ನಾಲಿಗೆ ಇನ್ನೂ ಚುರುಕು. ಒಂದು ಚೀಲ ಒಣಮೀನು ಕಟ್ಟಿಟ್ಟಿದ್ದೇನೆ. ಗುರುವಾರದ ಬಸ್ಸಿಗೆ ನಾವಿಬ್ಬರೂ ಹೊರಡುತ್ತಿದ್ದೇವೆ.